ಅಗಸಿ ಎಣ್ಣೆ ಎಂದು ನಾನು ಹೇಳಿದ ಸೋಮವಾರ

ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಡುವ ಕಿಂಡಿಯ ಹಿಂದೆ ಹೊಸದಾಗಿ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಔಷಧಶಾಸ್ತ್ರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದೆ ಇರಬಹುದಾದದ್ದು ಕಿಂಡಿ. ನಮ್ಮ ಕಾಲದ ಕಿಂಡಿ ಒಂದಡಿ ಅಗಲ, ಮುಕ್ಕಾಲು ಅಡಿ ಎತ್ತರ. ಸ್ಟೂಲಿನ ಮೇಲೆ ಕೂತರೆ ಹೊರಗಿನವರ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಒಳಗೆ ಬರುತ್ತಿತ್ತು. ರಾಯಬಾಗದ ಕಡೆ ಕಬ್ಬಿನ ಒಣಗರಿ ರವದಿಯಿಂದ ಗೀರು ಬಿದ್ದ ಕೈಗಳು. ನಿಪ್ಪಾಣಿಯಲ್ಲಿ ಎಷ್ಟು ತೊಳೆದರೂ ತಂಬಾಕಿನ ಬಣ್ಣ ಬಿಡದ ಬೆರಳುಗಳು. ಅಥಣಿಯಲ್ಲಿ ದ್ರಾಕ್ಷಿಗೆ ಮೈಲುತುತ್ತ ಹೊಡೆದು ಬಂದ ನೀಲಿ ಉಗುರುಗಳು. ಈಗ ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಕೈಗಳೆಲ್ಲ ಒಂದರ ಹಿಂದೆ ಒಂದು ನಿಧಾನವಾಗಿ ತೇಲಿ ಬರುತ್ತವೆ. ಯಾರದು ಯಾವುದು ಎಂದು ನಾನು ಗುರುತಿಸುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು. ಎಂಬತ್ನಾಲ್ಕರ ಮಳೆಗಾಲ. ಸೇರಿದ ದಿನವೇ ಒಂದು ನೋಟ್‌ಬುಕ್ ತಂದು ಗೆರೆ ಎಳೆದುಕೊಂಡೆ. ದಿನಕ್ಕೆ ಮೂರು ಸಾಲು: ಬಂದವರು ಎಷ್ಟು, ತುಂಬಿದ ಬಾಟಲಿ ಎಷ್ಟು, ತಪ್ಪು ಎಷ್ಟು. ಮೊದಲಿನ ಎರಡನ್ನು ಸರಕಾರ ಕೇಳುತ್ತಿತ್ತು. ಮೂರನೆಯದನ್ನು ಯಾರೂ ಕೇಳಿರಲಿಲ್ಲ. ತಪ್ಪನ್ನು ಎಣಿಸಿದರೆ ಅದು ಕಡಿಮೆಯಾಗುತ್ತದೆ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ. ಆ ನೋಟ್‌ಬುಕ್ಕುಗಳು ಈಗಲೂ ನನ್ನ ಬಳಿ ಇವೆ. ಮುಂದೆ ಹೇಳುವುದೆಲ್ಲ ಅವನ್ನು ಎದುರಿಗಿಟ್ಟುಕೊಂಡೇ ಹೇಳುತ್ತಿರುವುದು.

ಮೊದಲ ಆಸ್ಪತ್ರೆ ಉಗಾರ ಬುದ್ರುಕದಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿತ್ತು. ಹೊಳೆಯ ಕಡೆ ಕಬ್ಬು, ಮೇಲಿನ ಕರಿಮಣ್ಣಿನ ಎರೆ ಹೊಲಗಳಲ್ಲಿ ಜೋಳ, ಕಡಲೆ. ಚಳಿಗಾಲದಲ್ಲಿ ಬಸ್ಸಿಳಿದು ಆಸ್ಪತ್ರೆಗೆ ನಡೆಯುವಾಗ ಕಡಲೆ ಹೊಲದ ಅಂಚಿನುದ್ದಕ್ಕೂ ಅಗಸಿ ಸಾಲು ಹೂ ಬಿಟ್ಟಿರುತ್ತಿತ್ತು. ಅದು ತಿಳಿನೀಲಿ ಹೂವು. ಮಂಜಿನಲ್ಲಿ ಅದು ಗಿಡದ ಮೇಲಿದೆಯೋ ಗಾಳಿಯಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ. ದೂರದಲ್ಲಿ ಬೆಲ್ಲ ಕಾಯಿಸುವ ವಾಸನೆ. ಹಾಗೆ ನಡೆಯುತ್ತ ಎಷ್ಟೋ ಸಲ ಆಸ್ಪತ್ರೆಯ ಗೇಟನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೇನೆ. ಮಧ್ಯಾಹ್ನ ಮನೆಗೆ ಹೊರಟಾಗ ದಳಗಳೆಲ್ಲ ನೆಲದ ಮೇಲಿರುತ್ತಿದ್ದವು. ಮರುದಿನ ಬೆಳಿಗ್ಗೆ ಮತ್ತೆ ಹೊಸ ಹೂವು.

ಆಗ ಆಸ್ಪತ್ರೆಯಿಂದ ಬಾಟಲಿ ಕೊಡುವ ಪದ್ಧತಿ ಇರಲಿಲ್ಲ. ಬಂದವರೇ ಬಾಟಲಿ ತರಬೇಕು, ನಾವು ದೊಡ್ಡ ಜಾಡಿಯಿಂದ ಕೆಮ್ಮಿನದೋ ಹೊಟ್ಟೆಯದೋ ಔಷಧ ಬಗ್ಗಿಸಿ ಕೊಡಬೇಕು. ತಲೆಗೆಣ್ಣೆ, ಶಾಯಿ, ಸಾರಾಯಿ, ಗುಲಾಬಿ ನೀರು, ಯಾವುದರ ಬಾಟಲಿಯಾದರೂ ಬರುತ್ತಿತ್ತು. ಮೊದಲ ತಿಂಗಳಲ್ಲೇ ಒಬ್ಬ ಕುರಿಗಾರನ ಬಾಟಲಿಗೆ ಕೆಮ್ಮಿನ ಔಷಧ ತುಂಬಿ ಕೊಟ್ಟೆ. ಅವನು ಮರುದಿನ ಬಂದು ಕಿಂಡಿಗೆ ಬಾಯಿಟ್ಟು ಹೇಳಿದ:

“ಬಾಯಾರ, ನಿಮ್ಮ ಔಷಧಕ್ಕ ಕಡ್ಡಿ ಗೀರಿದ್ರ ಹತಗೋತೈತಿ ನೋಡ್ರಿ.”

ಅದು ಸೀಮೆಎಣ್ಣೆ ಬಾಟಲಿಯಾಗಿತ್ತು. ಪುಣ್ಯಕ್ಕೆ ಒಂದು ಗುಟುಕಿಗೇ ಉಗುಳಿದ್ದ. ಅಂದಿನಿಂದ ಬಂದ ಪ್ರತಿಯೊಂದು ಬಾಟಲಿಯನ್ನೂ ಮೂಸಿ ನೋಡಿಯೇ ತುಂಬುತ್ತಿದ್ದೆ. “ಬಾಯಾರು ಬೆಕ್ಕಿನಂಗ ಮೂಸ್ತಾರ” ಎಂದು ಸಾಲಿನಲ್ಲಿ ನಿಂತವರು ನಗುತ್ತಿದ್ದರು; ಮೇಡಂಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ನಕ್ಕರೆ ನಗಲಿ. ನೀವೂ ಮೂಸಿರಿ.

ನಮ್ಮ ಡಾಕ್ಟರು ಮೈಸೂರು ಕಡೆಯವರು. ಮಾತು ಕಡಿಮೆ, ಕೈಬರಹ ಸ್ಪಷ್ಟ. ಅವರ ಕನ್ನಡವನ್ನು ಊರಿನವರು ನಾಟಕ ನೋಡಿದ ಹಾಗೆ ಕೇಳುತ್ತಿದ್ದರು. ಒಮ್ಮೆ ಒಬ್ಬ ಮುದುಕನಿಗೆ ಅವರು ಕೇಳಿದರು:

“ಏನಾಗ್ತಿದೆ ಅಜ್ಜ?”

“ಏನೂ ಆಗವಲ್ದರಿ ಸಾಹೇಬ್ರ, ಅದಕ್ಕ ಬಂದೀನಿ. ನಾಕ ದಿನಾ ಆತು.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಮಲಬದ್ಧತೆ ಎಂದು ನಾನು ಕಿಂಡಿಯಿಂದ ಕೂಗಿ ಅರ್ಥ ಹೇಳಬೇಕಾಯಿತು. ಇಡೀ ವರಾಂಡ ನಕ್ಕಿತು, ಮುದುಕನೂ ನಕ್ಕ. ಗಂಡಸರು ಹೀಗೆ ಹೊಟ್ಟೆಯ ತೊಂದರೆಯನ್ನು ನಾಲ್ಕು ಜನರ ಮುಂದೆ ಹೇಳಿ ನಗುತ್ತಿದ್ದರು. ಹೆಂಗಸರು ಹೇಳುತ್ತಿರಲಿಲ್ಲ. ಅವರು ಡಾಕ್ಟರ ಮುಂದೆ “ತಲಿ ನೋಯ್ತೈತ್ರಿ” ಎಂದು ಗುಳಿಗೆ ಬರೆಸಿಕೊಂಡು, ಆ ಚೀಟಿ ಹಿಡಿದು ಕಿಂಡಿಗೆ ಬಂದು, ಖರೇ ಬೇನೆಯನ್ನು ನನಗೆ ಪಿಸುಗುಟ್ಟುತ್ತಿದ್ದರು. ಕಿಂಡಿಯ ಈಚೆ ಒಬ್ಬಳು ಹೆಂಗಸು ಕೂತಿದ್ದಾಳೆ ಎಂಬುದೇ ಅವರಿಗೆ ಸಮಾಧಾನ. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಅಕ್ಕಾತಾಯಿ ಬಂದದ್ದು ಎಂಬತ್ತೇಳರ ಜನವರಿಯಲ್ಲಿ, ಒಂದು ಸೋಮವಾರ. ಅವಳ ತವರು ನಿಪ್ಪಾಣಿಯ ಆಚೆ, ಮನೆಮಾತು ಮರಾಠಿ. ನಮ್ಮ ಹಳ್ಳಿಯ ಕಬ್ಬಿನ ರೈತರ ಮನೆಗೆ ಸೊಸೆಯಾಗಿ ಬಂದು ಹತ್ತು ವರ್ಷವಾಗಿತ್ತು. ಕನ್ನಡ ಸಲೀಸಾಗಿ ಆಡುತ್ತಿದ್ದಳು, ಅಲ್ಲಲ್ಲಿ ಒಂದು ಪದ ತವರಿನದು. ಹಸಿರು ಬಳೆಯ ಕೈ, ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ. ಆ ಕೈ ಕಿಂಡಿಯೊಳಗೆ ತಲೆನೋವಿನ ಚೀಟಿ ಇಟ್ಟಿತು. ಆಮೇಲೆ ಹೋಗಲಿಲ್ಲ.

“ಬಾಯಾರ, ಕಾಯ್ ಸಾಂಗೂ, ಏನ ಹೇಳ್ಲಿ... ಹೊಟ್ಟಿ ಸಾಫ ಆಗೂದಿಲ್ರಿ. ಭಾಳ ತ್ರಾಸ ಆಗ್ತೈತಿ.”

“ಎಷ್ಟ ದಿನಾ ಆತು?”

“ದೀಪಾವಳಿ ಮುಂದಿಂದ.”

“ಡಾಕ್ಟರ ಮುಂದ ಹೇಳಬೇಕಿಲ್ಲೋ?”

“ಅದನ್ನೆಂಗ ಹೇಳ್ಲೆರಿ ಅವರ ಮುಂದ. ಅತ್ತಿ ಬ್ಯಾರೆ ಹಿಂದ ಕುಂತಾರ. ಸಾವಕಾಶ ಮಾತಾಡ್ರಿ.”

ಹೊಟ್ಟೆ ಸಡಿಲಾಗುವ ಔಷಧ ಆ ವಾರ ಮುಗಿದಿತ್ತು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ರಾಯಬಾಗದಲ್ಲಿ ನಮ್ಮ ಅಜ್ಜಿ ಇಂಥದಕ್ಕೆ ಅಗಸಿ ಕೊಡುತ್ತಿದ್ದದ್ದು ನೆನಪಾಯಿತು. ಬೆಳಿಗ್ಗೆ ತಾನೇ ಆ ಹೂವಿನ ಪಕ್ಕ ನಡೆದು ಬಂದಿದ್ದೆ. ಕಿಂಡಿಗೆ ಬಾಗಿ ಮೆಲ್ಲಗೆ ಹೇಳಿದೆ:

“ದಿನಾ ಮುಂಜಾನೆ ಒಂದ ಚಮಚ ಅಗಸಿ ಎಣ್ಣಿ ತಗೊ. ಕಾಯಿಸಬ್ಯಾಡ, ಹಂಗ ಕುಡಿ. ಗೊತ್ತಾತೇನ?”

“ಗೊತ್ತಾತ್ರಿ.”

ಕೈ ಹಿಂದಕ್ಕೆ ಹೋಯಿತು. ಮುಂದಿನ ಕೈ ಬಂತು. ಆ ದಿನದ ನೋಟ್‌ಬುಕ್ ಹೀಗಿದೆ: ಬಂದವರು ಎಂಬತ್ತಾರು. ಬಾಟಲಿ ಮೂವತ್ತೊಂದು. ತಪ್ಪು ಇಲ್ಲ.

ಈಗ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಅಗಸಿ ಎಂದರೆ ಎರಡು. ಒಂದು, ಚಟ್ನಿ ಕುಟ್ಟುವ ಕಂದು ಕಾಳು. ಇನ್ನೊಂದು, ಊರಿನ ಹೆಬ್ಬಾಗಿಲು. ಅಕ್ಕಾತಾಯಿಯ ತವರಿನಲ್ಲಿ ಆ ಕಾಳಿಗೆ ಜವಸ ಅನ್ನುತ್ತಾರೆ. ಗಂಡನ ಮನೆಯಲ್ಲೂ ಸೊಸೆಯ ಬಾಯಿಂದ ಕೇಳಿ ಕೇಳಿ ಜವಸ ಎಂದೇ ಬಳಕೆಯಾಗಿತ್ತಂತೆ. ಅವಳಿಗೆ ಅಗಸಿ ಎಂದರೆ ದಿನಾ ನೀರಿಗೆ ಹೋಗುವಾಗ ದಾಟುವ ಊರಬಾಗಿಲು. ಆ ಜನವರಿಯಲ್ಲಿ ಅದರ ಹಳೆಯ ಕದಗಳನ್ನು ಬಡಿಗ್ಯಾರ ಮಾನಪ್ಪ ದುರಸ್ತಿ ಮಾಡಿ, ಮರ ಬಿರಿಯದಿರಲಿ ಎಂದು ಅರಿವೆಯಿಂದ ಎಣ್ಣೆ ತಿಕ್ಕುತ್ತಿದ್ದ. ಅಕ್ಕಾತಾಯಿ ಮನೆಯಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿದರೆ ಯಾತಕ್ಕೆ ಎಂದು ಹೇಳಬೇಕಾಗುತ್ತಿತ್ತು. ನೇರವಾಗಿ ಮಾನಪ್ಪನ ಹತ್ತಿರ ಹೋಗಿ, ಅಗಸಿ ಎಣ್ಣಿ ಒಂದೀಟು ಬೇಕಾಗಿತ್ತು ಎಂದಳು. ಅವನು ಇವರ ಮನೆಯ ಬಾಗಿಲಿಗೆ ಬೇಕೇನೋ ಎಂದುಕೊಂಡು ಒಂದು ಬಾಟಲಿ ತುಂಬಿಸಿ ಕೊಟ್ಟ.

ಮಾನಪ್ಪ ತಿಕ್ಕುತ್ತಿದ್ದದ್ದು ಕೂಡ ಅದೇ ಕಾಳಿನ ಎಣ್ಣೆ. ಆದರೆ ಬಣ್ಣದ ಅಂಗಡಿಯದು. ಬೇಗ ಒಣಗಲಿ ಎಂದು ಲೋಹದ ಲವಣಗಳನ್ನು ಹಾಕಿ ತಯಾರಿಸಿದ್ದು, ಮೇಲೆ ತೆಳುವಾಗಲಿ ಎಂದು ಅವನು ಟರ್ಪೆಂಟೈನ್ ಬೆರೆಸಿದ್ದ. ಹೀಗೆ ಕಾಳಿನದು ಎಂದರೂ ಬಾಗಿಲಿನದು ಎಂದರೂ ನಾನು ಹೇಳಿದ ಮಾತು ಸರಿಯಾಗಿಯೇ ಇತ್ತು. ಒಳಗೆ ಹೋದದ್ದು ಮಾತ್ರ ವಿಷ.

ಶುಕ್ರವಾರ ಹನ್ನೊಂದರ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಅವಳನ್ನು ಕರೆತಂದರು. ಮೂರು ದಿನ ಅರ್ಧರ್ಧ ಚಮಚ ಕುಡಿದಿದ್ದಳು. ಹೊಟ್ಟೆ ಸಡಿಲಾಯಿತು, ಔಷಧ ನಾಟಿತು ಎಂದುಕೊಂಡಳು. ಆ ಬೆಳಿಗ್ಗೆ ಪೂರ್ತಿ ಒಂದು ಗುಟುಕು ಕುಡಿಯಲು ಹೋಗಿ ನೆತ್ತಿಗೇರಿ, ಕೆಮ್ಮಿ, ವಾಂತಿ ಮಾಡಿಕೊಂಡಿದ್ದಳು. ನಾನು ಕಿಂಡಿಯಿಂದ ನೋಡಿದಾಗ ಕಂಡದ್ದು ವರಾಂಡದ ಬೆಂಚಿನಿಂದ ಕೆಳಗೆ ಜೋತುಬಿದ್ದ ಹಚ್ಚೆಯ ಕೈ. ಪಕ್ಕದಲ್ಲಿ ಅವಳ ಅತ್ತೆ ಸತ್ಯವ್ವ, ಒಂದು ತಂಬಿಗೆ ಉಪ್ಪುನೀರು ಹಿಡಿದು ಸೊಸೆಯ ದವಡೆ ಒತ್ತುತ್ತಿದ್ದಳು.

“ಕುಡಿ, ಎಲ್ಲಾ ಕಕ್ಕು, ಒಳಗ ಇಟಗೋಬ್ಯಾಡ.”

ಸತ್ಯವ್ವನ ಸೆರಗಿನಿಂದ ಬಾಟಲಿಯ ಕುತ್ತಿಗೆ ಇಣುಕುತ್ತಿತ್ತು. ಹೊರಗೆ ಓಡಿಬಂದು ಅದನ್ನು ಕಿತ್ತುಕೊಂಡು ಮೂಸಿದೆ. ಟರ್ಪೆಂಟೈನ್. ತಂಬಿಗೆಯನ್ನು ಕೈಯಿಂದ ತಳ್ಳಿದೆ, ನೀರೆಲ್ಲ ಸತ್ಯವ್ವನ ಮಡಿಲಿಗೆ ಚೆಲ್ಲಿತು. ಇಂಥ ಎಣ್ಣೆ ಕುಡಿದವರಿಗೆ ಮತ್ತೆ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಪುಪ್ಪುಸಕ್ಕೆ ಇಳಿದರೆ ಹೊಟ್ಟೆಗಿಂತ ಎದೆಗೆ ಅಪಾಯ. ಪುಸ್ತಕದ ಆ ಒಂದು ಸಾಲು ಅಂದು ನೆನಪಾಯಿತು ಎಂಬುದೊಂದೇ ಆ ದಿನದ ನನ್ನ ಪುಣ್ಯ.

“ಯಾಕಬೇ, ತಲಿಗಿಲಿ ಕೆಟ್ಟೈತೇನ ನಿನಗ?” ಎಂದಳು ಸತ್ಯವ್ವ.

ನಾನು ಅಕ್ಕಾತಾಯಿಯ ಬಳಿ ಬಾಗಿದೆ. “ಇದನ್ನ ಎಲ್ಲಿಂದ ತಂದಿ?”

ಕೆಮ್ಮಿನ ನಡುವೆ ಅವಳು ಹೇಳಿದ್ದು ಇಷ್ಟು: “ಅಗಸ್ಯಾಗಿಂದ.”

ಒಂದು ಪದ ಕಿವಿಗೆ ಬಿದ್ದು ಒಳಗೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದು ಗೊತ್ತಾಯಿತು. ವರಾಂಡದ ಮಾತೆಲ್ಲ ದೂರ ಸರಿಯಿತು. ಸೋಮವಾರದ ಪಿಸುಮಾತು, ನೀಲಿ ಹೂವು, ಊರಬಾಗಿಲ ಮುಂದೆ ಅರಿವೆ ಹಿಡಿದು ಕೂತ ಮಾನಪ್ಪ, ಎಲ್ಲವೂ ನೀರಿನ ಕೆಳಗೆ ನಿಧಾನವಾಗಿ ಒಂದಕ್ಕೊಂದು ತಾಗುತ್ತಿದ್ದವು.

ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ಎರಡೂ ಕಡೆ ಕೇಳಿದರು. ಮುಖ ಬಿಗಿಯಾಯಿತು.

“ಏನಮ್ಮ ಕುಡಿದೆ? ಯಾಕೆ ಕುಡಿದೆ?”

ಅಕ್ಕಾತಾಯಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಗಂಡನ ಕಡೆ, ಅತ್ತೆಯ ಕಡೆ ನೋಡಿದರು. ಮನೆಯ ಸೊಸೆ ಎಣ್ಣೆ ಕುಡಿದು ಬಂದರೆ ಆಗ ಎಲ್ಲರಿಗೂ ಬರುತ್ತಿದ್ದ ಅನುಮಾನ ಒಂದೇ. ಕಾರಣ ತಿಳಿಯದಿದ್ದರೆ ಪೋಲೀಸರಿಗೆ ಬರೆಯಲೇಬೇಕು. ಸತ್ಯವ್ವನಿಗೂ ಅದು ಹೊಳೆಯಿತು. ಒದ್ದೆ ಮಡಿಲನ್ನು ಹಿಂಡುತ್ತ ಅಳತೊಡಗಿದಳು.

“ಮನ್ಯಾಗ ಯಾರೂ ಒಂದ ಮಾತ ಅಂದಿಲ್ರಿ ಆಕಿಗೆ. ಬೇಕಾದ್ರ ಓಣಿಯವ್ರನ್ನ ಕೇಳ್ರಿ.”

ಗಂಡ ಅಪ್ಪಾಸಾಹೇಬ ಗೋಡೆಗೆ ಒರಗಿ ನಿಂತಿದ್ದ. “ಹೇಳ ಅಕ್ಕಾತಾಯಿ. ಯಾರರ ಹೇಳಿ ಕುಡದ್ಯೋ, ನಿನ್ನಷ್ಟಕ್ಕ ನೀನ ಕುಡದ್ಯೋ?”

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಆಮೇಲೆ ಗಂಡನನ್ನು. “ನನ್ನಷ್ಟಕ್ಕ ನಾನ ಕುಡದೆ.”

ನನ್ನನ್ನು ಉಳಿಸಲು ಹಾಗೆಂದಳೋ, ಹೊಟ್ಟೆಯ ವಿಷಯ ಗಂಡ ಅತ್ತೆಯ ಮುಂದೆ ಬಾರದಿರಲಿ ಎಂದೋ, ಈಗಲೂ ಗೊತ್ತಿಲ್ಲ. ಡಾಕ್ಟರು ಪೆನ್ನು ತೆಗೆದರು. ಅವರು ಬರೆಯಲು ಶುರುಮಾಡುವ ಮೊದಲು ನಾನು ಬಾಯಿಬಿಡಬೇಕಿತ್ತು. ಪೆನ್ನಿನ ಟೋಪಿ ತೆಗೆದು ಹಿಂದಕ್ಕೆ ಸಿಕ್ಕಿಸುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಅಷ್ಟೂ ಹೊತ್ತು ನನ್ನ ಕೆಲಸ, ನನ್ನ ತಂದೆಯ ಮುಖ, ಅದೇ ಯೋಚನೆ. ಇದನ್ನು ಮುಚ್ಚಿಡುವುದಿಲ್ಲ.

“ಸರ್, ಎಣ್ಣೆ ಕುಡಿ ಅಂತ ಹೇಳಿದಾಕಿ ನಾನು. ಹೊಟ್ಟೆ ಸಲುವಾಗಿ ಅಗಸಿ ಎಣ್ಣೆ ಅಂದೆ. ಆಕಿ ಅಗಸಿ ಬಾಗಿಲದ್ದು ಅಂತ ತಿಳಕೊಂಡಾಳ. ತಪ್ಪು ನಂದು.”

ಡಾಕ್ಟರು ನನ್ನನ್ನು ಬಯ್ಯಲಿಲ್ಲ. ಪೆನ್ನು ನನ್ನ ಕೈಗೆ ಕೊಟ್ಟರು. “ನೀವೇ ಬರೀರಿ. ಈಗ ಹೇಳಿದ್ದನ್ನೇ. ಮಿರಜದ ಆಸ್ಪತ್ರೆಯವರಿಗೆ ಏನು ಕುಡಿದಿದ್ದಾಳೆ ಅಂತ ಸರಿಯಾಗಿ ಗೊತ್ತಾಗ್ಬೇಕು.”

ಬರೆದೆ. ಸಹಿ ಮಾಡಿದೆ. ಬಾಟಲಿಗೂ ಒಂದು ಚೀಟಿ ಕಟ್ಟಿದೆ. ದ್ರಾಕ್ಷಿ ಸಾಗಿಸುವ ಒಂದು ಮೆಟಡೋರ್ ಸಿಕ್ಕಿತು. ಅವಳನ್ನು ಎತ್ತಿ ಒರಗಿಸಿ ಕೂರಿಸಿ, ಕಾಗವಾಡದ ಮೇಲಿಂದ ಮಿರಜದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಸತ್ಯವ್ವ ಗಾಡಿ ಹತ್ತುವಾಗ ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: “ಆಕಿಗೆ ಏನರ ಆಗ್ಲಿ, ಆಮ್ಯಾಲೆ ನೋಡ್ತೀನಿ ನಿನ್ನ.”

ಆ ದಿನದ ನೋಟ್‌ಬುಕ್ಕಿನಲ್ಲಿ ಶುಕ್ರವಾರದ ಸಾಲು ಖಾಲಿ. ಹಿಂದಿನ ಪುಟಕ್ಕೆ ಹೋಗಿ ಸೋಮವಾರದ ‘ಇಲ್ಲ’ವನ್ನು ಹೊಡೆದು ಹಾಕಿ, ‘ಒಂದು’ ಎಂದು ಬರೆದಿದ್ದೇನೆ.

ಮುಂದಿನ ಮೂರು ವಾರ ಅವಳ ಸುದ್ದಿ ಸರಿಯಾಗಿ ತಿಳಿಯಲಿಲ್ಲ. ಆಗ ಹಳ್ಳಿಗೆ ಸುದ್ದಿ ಬರುತ್ತಿದ್ದದ್ದು ಬಸ್ಸಿನಲ್ಲಿ, ಬಂದವರ ಬಾಯಿಯಲ್ಲಿ. ಎದೆಯಲ್ಲಿ ಬಾವು ಎಂದು ಒಬ್ಬರು, ಇನ್ನು ಉಳಿಯಲಿಕ್ಕಿಲ್ಲ ಎಂದು ಮತ್ತೊಬ್ಬರು, ನಿನ್ನೆ ಭಾಕರಿ ಉಂಡಳಂತೆ ಎಂದು ಮೂರನೆಯವರು. ಮಾನಪ್ಪ ಎರಡು ಸಲ ಬಂದು ಕಿಂಡಿಯ ಮುಂದೆ ನಿಂತು ಏನೂ ಕೇಳದೆ ಹೋದ. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಒಳ್ಳೆಯ ಮನುಷ್ಯ.

“ಬಾಯಿಲೆ ಹೇಳಿದ್ದಕ್ಕ ಸಾಕ್ಷಿ ಎಲ್ಲಿ ಐತಿ ತಂಗಿ? ಸುಮ್ಮ ಇರಬೇಕಿಲ್ಲ?” ಎಂದರು.

“ಬರೆದು ಕೊಟ್ಟೀನ್ರಿ ಸರ್.”

“ಅದ ಆತ ನೋಡು ತಪ್ಪ,” ಎಂದು ನಿಟ್ಟುಸಿರು ಬಿಟ್ಟು ಚಹಾ ಕುಡಿದು ಹೋದರು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು.

ಮಧ್ಯಾಹ್ನ ಆಸ್ಪತ್ರೆ ಖಾಲಿಯಾದಾಗ ಬಿಸಿಲು ಕಪಾಟಿನ ಕಂದು, ಹಸಿರು ಬಾಟಲಿಗಳ ಮೂಲಕ ಹಾದು ಗೋಡೆಯ ಮೇಲೆ ಹೊಳೆಯ ನೀರಿನ ಹಾಗೆ ಅಲುಗುತ್ತಿತ್ತು. ಅದರ ಕೆಳಗೆ ಕೂತು ಅಗಸಿಯ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು ಎಂದು ಪಟ್ಟಿ ಮಾಡಲು ಹೋದೆ. ಪಟ್ಟಿ ಬಹಳ ಚಿಕ್ಕದಾಯಿತು. ಅಜ್ಜಿ ಕೊಡುತ್ತಿದ್ದದ್ದು ಎಣ್ಣೆಯೇ ಅಲ್ಲ, ಹುರಿದು ಕುಟ್ಟಿದ ಕಾಳಿನ ಪುಡಿ, ಮೇಲೆ ಎರಡು ತಂಬಿಗೆ ನೀರು. ಎಣ್ಣೆ ಎಂದರೆ ಕಾಳಿನ ಸಾರ, ಇನ್ನೂ ಜೋರು ಕೆಲಸ ಮಾಡುತ್ತದೆ ಎಂದು ನಾನೇ ಊಹಿಸಿದ್ದೆ. ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಹೊಟ್ಟೆಗೆ ಕೆಲಸ ಮಾಡೋದು ಮುಖ್ಯವಾಗಿ ನಾರು ಕಣ್ರೀ. ಎಣ್ಣೆಯಲ್ಲಿ ನಾರೆಲ್ಲಿದೆ?”

ಅಂದರೆ ಅಕ್ಕಾತಾಯಿಗೆ ಗಾಣದ ಒಳ್ಳೆಯ ಎಣ್ಣೆಯೇ ಸಿಕ್ಕಿದ್ದರೂ ನನ್ನ ಸಲಹೆ ಅರ್ಧ ತಪ್ಪು.

ಆಮೇಲಿನ ವರ್ಷಗಳಲ್ಲಿ ಓದಿ, ಕೇಳಿ ತಿಳಿದುಕೊಂಡದ್ದನ್ನು ನಿಮಗೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಿಂಡಿಗೂ ಈ ಪ್ರಶ್ನೆ ಬರುತ್ತದೆ. ರೊಟ್ಟಿಯ ಜೊತೆ ಅಗಸಿ ಚಟ್ನಿ ತಿನ್ನುವುದು ಊಟ, ನಮ್ಮವರು ತಲೆಮಾರುಗಳಿಂದ ತಿಂದಿದ್ದಾರೆ. ಪುಡಿ ತಿಂದವರು ನೀರು ಚೆನ್ನಾಗಿ ಕುಡಿಯಬೇಕು, ಇಲ್ಲವಾದರೆ ಅದೇ ಒಳಗೆ ಕಟ್ಟಿಕೊಳ್ಳುತ್ತದೆ. ಬೇರೆ ಗುಳಿಗೆಗಳನ್ನು ಪುಡಿಯ ಜೊತೆಗೇ ನುಂಗದೆ ಸ್ವಲ್ಪ ಅಂತರ ಬಿಡಬೇಕು. ಎಣ್ಣೆಯಲ್ಲಿ ಹೃದಯಕ್ಕೆ ಒಳ್ಳೆಯದೆನ್ನುವ ಒಂದು ಬಗೆಯ ಕೊಬ್ಬು ಇರುವುದು ನಿಜ. ಮೀನಿನಲ್ಲಿರುವ ಕೊಬ್ಬು ಬೇರೆ ರೂಪದ್ದು, ನಮ್ಮ ಮೈ ಇದನ್ನು ಅದಾಗಿ ಬದಲಿಸಿಕೊಳ್ಳುವುದು ತೀರ ಸ್ವಲ್ಪ. ಈ ಎಣ್ಣೆಯಲ್ಲಿ ಕರಿಯಬಾರದು. ಬೆಳಕು, ಬಿಸಿಗೆ ಬೇಗ ಕೆಡುತ್ತದೆ. ಕಪ್ಪು ಬಾಟಲಿಯಲ್ಲಿ ತಂಪಾದ ಜಾಗದಲ್ಲಿಡಬೇಕು, ಕಮಟು ವಾಸನೆ ಬಂದರೆ ಚೆಲ್ಲಬೇಕು. ಹೆಚ್ಚು ಕುಡಿದರೆ ಭೇದಿ. ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಬಸುರಿಯರು, ಆಪರೇಶನ್ನಿಗೆ ತಯಾರಾದವರು ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಬಣ್ಣದ ಅಂಗಡಿಯದು ಯಾವ ಹೆಸರಿನಲ್ಲಿ ಬಂದರೂ ಬಾಯಿಗಲ್ಲ.

ಈ ತಿಳಿವಳಿಕೆ ಒಮ್ಮೆ ಬಹಳ ಉಪಯೋಗಕ್ಕೆ ಬಂತು. ಅದು ಮುಂದಿನ ಮಾತು, ತೊಂಬತ್ತರ ದಶಕದ ಕೊನೆ, ನಾನು ಅಥಣಿಯಲ್ಲಿದ್ದಾಗ. ಬಾಟಲಿ ತರುವ ಕಾಲ ಮುಗಿದು ಎಲ್ಲವೂ ಗುಳಿಗೆಯ ಸ್ಟ್ರಿಪ್ಪುಗಳಲ್ಲಿ ಬರುತ್ತಿತ್ತು. ಒಬ್ಬ ದ್ರಾಕ್ಷಿ ಬೆಳೆಗಾರ ಜೇನಿನ ಬಣ್ಣದ ಮೆತ್ತನೆಯ ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದ.

“ಅಗಸಿ ಎಣ್ಣಿದಂತ್ರಿ ಬಾಯಾರ. ಇದನ್ನ ತಗೊಂಡ್ರ ಹಾರ್ಟಿನ ಗುಳಗಿ ಬಿಡಬಹುದಂತ.”

“ಯಾರ ಹೇಳಿದ್ರು?”

“ನಮ್ಮ ಅಳ್ಯಾ. ಪುಣೆದಾಗ ಇರ್ತಾನ.”

“ಡಾಕ್ಟರೇನ್ರಿ ಅವರು?”

“ಇಲ್ರಿ, ಬ್ಯಾಂಕಿನ್ಯಾಗ ಅದಾನ.”

“ಹಂಗಾದ್ರ ಬ್ಯಾಂಕಿಂದ ಕೇಳ್ರಿ ಅವರನ್ನ.”

ಹಿಂದಿನವರು ನಕ್ಕರು, ಅವನೂ ನಕ್ಕ. ಆದರೆ ಅವನ ಜೇಬಿನಲ್ಲಿದ್ದ ಇನ್ನೊಂದು ಸ್ಟ್ರಿಪ್ ರಕ್ತ ತೆಳುವಾಗಿಸುವ ಗುಳಿಗೆಯದು, ಎರಡು ದಿನದಿಂದ ನುಂಗಿರಲಿಲ್ಲ. ಅವನನ್ನು ಆಗಿಂದಾಗಲೇ ಡಾಕ್ಟರ ಬಳಿ ಕಳಿಸಿದೆ. ಕಳಿಸಿದೆ ಎಂದರೆ ಜೊತೆಗೆ ಹೋದೆ. ಹಾಗೆ ಎದ್ದು ಹೋಗುವುದನ್ನು ನಾನು ಎಲ್ಲಿ ಕಲಿತೆ ಎಂಬುದನ್ನು ಹೇಳಲು ಮತ್ತೆ ಎಂಬತ್ತೇಳಕ್ಕೆ, ಆ ಮೂರು ವಾರಗಳ ಕೊನೆಗೆ ಹಿಂತಿರುಗುತ್ತೇನೆ.

ಫೆಬ್ರುವರಿಯ ಮೊದಲ ವಾರ. ಹೊಲದ ಅಂಚಿನ ಹೂವು ಮುಗಿದು ಗಿಡಗಳ ಮೇಲೆ ಗುಂಡನೆಯ ಕಾಯಿ ನಿಂತಿದ್ದವು. ಸುಮಾರು ಹತ್ತೂವರೆಗೆ ಕಿಂಡಿಯ ಕಟ್ಟೆಯ ಮೇಲೆ ಹಚ್ಚೆಯ ಕೈ ಬಂದು ಕೂತಿತು. ಚೀಟಿ ಇರಲಿಲ್ಲ. ಬಳೆಗಳು ಮೊದಲಿಗಿಂತ ಸಡಿಲಾಗಿ ಮೊಣಕೈ ತನಕ ಜಾರುತ್ತಿದ್ದವು.

“ಬಾಯಾರ.”

ನಾನು ಕಿಂಡಿಗೆ ಬಾಗಿದೆ. ಅವಳೇ ಮುಂದುವರಿಸಿದಳು.

“ಮಿರಜದಾಗ ಎದಿ ಚಲೋ ಮಾಡಿ ಕಳಿಸ್ಯಾರ. ಇನ್ನ ತ್ರಾಸ ಇಲ್ಲ ಅಂದಾರ.”

“ಅತ್ತಿ ಬಂದಾರೇನ?”

“ಬಂದಾರ. ಹೊರಗ ಗಿಡದ ಕೆಳಗ ಕುಂತಾರ. ಸಿಟ್ಟ ಇಳದೈತಿ, ನೀವು ಪೋಲೀಸರಿಂದ ಉಳಿಸಿದ್ರಿ ಅಂತಾರ. ಮಾರಿ ಮಾತ್ರ ನೋಡೂದಿಲ್ಲಂತ.” ನಕ್ಕಳು, ನಗು ಕೆಮ್ಮಾಯಿತು. ಆಮೇಲೆ ದನಿ ತಗ್ಗಿಸಿದಳು. “ಆದ್ರ ಬಾಯಾರ, ಹೊಟ್ಟಿದು ಹಂಗ ಐತ್ರಿ.”

“ಅಲ್ಲಿ ಡಾಕ್ಟರ ಮುಂದ ಹೇಳಲಿಲ್ಲೇನ?”

“ಅವರು ಕೇಳಿದ್ದು ಎದಿ. ನಾ ಹೇಳಿದ್ದೂ ಎದಿ. ಇದನ್ನ ನಿಮಗಷ್ಟ ಹೇಳೀನಿ. ಈ ಸಲ ಖರೇದ ಯಾವದು ಹೇಳ್ರಿ, ತಗೋತೀನಿ.”

ಸಾಯುವ ಹಾಗಾಗಿ ಎದ್ದು ಬಂದವಳು ಮತ್ತೆ ಅದೇ ಕಿಂಡಿಗೆ ಬಂದು, ಅದೇ ಪಿಸುದನಿಯಲ್ಲಿ, ನನ್ನದೇ ಮಾತಿಗೆ ಕಾಯುತ್ತಿದ್ದಳು. ಅವಳಿಗಾಗಿ ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಮೂರು ವಾರದಿಂದ ಒಂದು ತಟ್ಟೆಯಲ್ಲಿ ಅಗಸಿ ಕಾಳು ಹಾಕಿ ಕಿಂಡಿಯ ಪಕ್ಕ ಇಟ್ಟುಕೊಂಡಿದ್ದೆ, ಹೆಸರು ಹೇಳದೆ ಮುಟ್ಟಿಸಿ ತೋರಿಸಲು. ತಟ್ಟೆಯನ್ನು ಅವಳ ಕಡೆ ಸರಿಸಬೇಕು ಎಂದು ಕೈ ಮುಂದೆ ಮಾಡಿದೆ. ಅಲ್ಲೇ ನಿಲ್ಲಿಸಿದೆ.

ಅಷ್ಟು ದಿನ ನನ್ನ ತಪ್ಪು ಒಂದು ಪದದ್ದು ಎಂದು ತಿಳಿದಿದ್ದೆ. ಅಗಸಿ ಎನ್ನುವ ಬದಲು ಜವಸ ಎಂದಿದ್ದರೆ ಸರಿಹೋಗುತ್ತಿತ್ತು, ಕಾಳು ತೋರಿಸಿದ್ದರೆ ಸರಿಹೋಗುತ್ತಿತ್ತು ಎಂದು. ಆದರೆ ದೀಪಾವಳಿಯ ಮೊದಲಿನಿಂದ ಒಬ್ಬ ಹೆಂಗಸು ನರಳುತ್ತಿದ್ದಾಳೆ. ರಕ್ತ ಹೋಗುತ್ತದೆಯೇ, ತೂಕ ಇಳಿದಿದೆಯೇ, ಬೇರೆ ಏನು ಬೇನೆ ಇದೆ, ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ. ಹೆಂಗಸರು ನನಗೆ ಗುಟ್ಟು ಹೇಳುತ್ತಾರೆ ಎಂಬ ಹೆಮ್ಮೆಯಲ್ಲಿ ಆ ಗುಟ್ಟನ್ನು ಕಿಂಡಿಯಲ್ಲೇ ತಡೆದು ಇಟ್ಟುಕೊಂಡಿದ್ದೆ.

ಸ್ಟೂಲಿನಿಂದ ಎದ್ದೆ. ಪಕ್ಕದ ಬಾಗಿಲು ತೆರೆದು ಹೊರಗೆ ಬಂದೆ.

“ಬಾ.”

“ಎಲ್ಲಿಗ್ರಿ?”

“ಡಾಕ್ಟರ ಕಡೆ. ನಾನೂ ಒಳಗ ಕೂಡತೀನಿ. ನೀ ನನ್ನ ಕಿವ್ಯಾಗ ಹೇಳು, ನಾ ಅವರಿಗೆ ಹೇಳತೀನಿ.”

“ಸಾಲ ಎಷ್ಟ ಐತಿ ನೋಡ್ರಿ. ಜನಾ ಏನಂದಾರ?”

ಸಾಲಿನಲ್ಲಿದ್ದ ಒಬ್ಬ ಅಂದೇಬಿಟ್ಟ: “ಬಾಯಾರ, ಎಲ್ಲಿ ಹೊಂಟ್ರಿ? ನಮ್ಮ ಬಾಟ್ಲಿ ಯಾರ ಮೂಸಬೇಕು?”

“ತುಸು ನೀವ ಮೂಸ್ಕೋತ ನಿಂದರ್ರಿ,” ಎಂದು ಅಕ್ಕಾತಾಯಿಯ ತೋಳು ಹಿಡಿದುಕೊಂಡೆ. ಕಿಂಡಿಯಿಂದ ಡಾಕ್ಟರ ಕೋಣೆಗೆ ಹನ್ನೊಂದು ಹೆಜ್ಜೆ. ಎರಡೂವರೆ ವರ್ಷ ಎಲ್ಲವನ್ನೂ ಎಣಿಸಿದವಳು ಅದನ್ನು ಎಣಿಸಿದ್ದು ಅಂದೇ ಮೊದಲು.

ಡಾಕ್ಟರು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. ಏನನ್ನೋ ಅರ್ಥಮಾಡಿಕೊಂಡವರಂತೆ ಬಾಗಿಲ ಪರದೆ ಎಳೆಯಲು ಹೇಳಿ, ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮೇಜಿನ ಮೇಲಿನ ಕಾಗದ ನೋಡುತ್ತ ಕೂತರು. ನಾನೊಂದು ಸ್ಟೂಲಿನ ಮೇಲೆ, ನನ್ನ ಪಕ್ಕ ಅಕ್ಕಾತಾಯಿ.

“ಯಾವಾಗಿಂದ ಅಂತ ಕೇಳಿ,” ಎಂದರು ಡಾಕ್ಟರು ನನಗೆ.

ಅವಳು ಸೆರಗನ್ನು ಬಾಯಿಗೆ ಹಿಡಿದು ನನ್ನ ಕಿವಿಗೆ ಬಾಗಿದಳು. ಉಸಿರು ಬೆಚ್ಚಗಿತ್ತು. ಅವಳು ಹೇಳಿದ್ದನ್ನು ನಾನು ಗಟ್ಟಿಯಾಗಿ ಹೇಳಿದೆ.

“ನೋವಿದೆಯಾ ಅಂತ ಕೇಳಿ.”

ಮತ್ತೆ ಬಾಗಿದಳು. ಮತ್ತೆ ಹೇಳಿದೆ.

“ರಕ್ತ ಏನಾದ್ರೂ ಹೋಗುತ್ತಾ?”

ನಾನು ಕಿವಿ ಕೊಟ್ಟು ಕಾಯುತ್ತಿದ್ದೆ. ಅಕ್ಕಾತಾಯಿ ಬಾಯಿಂದ ಸೆರಗು ತೆಗೆದಳು. ನನ್ನ ಕಡೆ ಬಾಗಲಿಲ್ಲ.

“ಹೋಗ್ತೈತ್ರಿ ಸಾಹೇಬ್ರ,” ಎಂದಳು ಅವಳೇ. “ಎರಡ ತಿಂಗಳಾತು. ಎಲ್ಲಾ ಹೇಳತೀನಿ, ಬರಕೋರಿ.”